ಮಳೆ ಎಂದು ಟೈಪ್ ಮಾಡಿದ್ದು ಬಳೆ ಆಗಿದೆ: 2009ರ ಕಂಪ್ಯೂಟರಿನಲ್ಲಿ ಒಮ್ಮೆ ಬಂದು ಒಮ್ಮೆ ಬಾರದ ಮೆಮೊರಿ ದೋಷ

ತೋಟದಮನೆ, ಶಿರಸಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2009ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಒಂದಿದೆ. ಕೋರ್ 2 ಡ್ಯುಯೋ ಪ್ರೊಸೆಸರ್, ಮೆಮೊರಿಗೆಂದು 2 ಜಿಬಿಯ ಎರಡು ಡಿಡಿಆರ್2 ರ‍್ಯಾಮ್ ಸ್ಟಿಕ್‌ಗಳು, 32 ಬಿಟ್‌ನ ವಿಂಡೋಸ್ 7. ನಮ್ಮ ದೊಡ್ಡ ಸ್ಕ್ಯಾನರಿಗೆ ಹೊಸ ವಿಂಡೋಸಿನಲ್ಲಿ ಡ್ರೈವರ್ ಸಿಗದ ಕಾರಣ ಈ ಯಂತ್ರವನ್ನೇ ಉಳಿಸಿಕೊಂಡಿದ್ದೇವೆ. ಅಂತರಜಾಲಕ್ಕೆ ಇದನ್ನು ಜೋಡಿಸಿಲ್ಲ. ಅಪ್ಪ 1971ರಿಂದ ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಬರೆದಿಟ್ಟ ಲೆಕ್ಕದ ಪುಸ್ತಕಗಳಿವೆ. ಅವುಗಳ ಪುಟಗಳನ್ನು ಸ್ಕ್ಯಾನ್ ಮಾಡುವುದು, ತಾರೀಕು, ಮಳೆ ನಕ್ಷತ್ರ ಮತ್ತು ಮಿಲಿಮೀಟರ್ ಲೆಕ್ಕವನ್ನು ನೋಟ್‌ಪ್ಯಾಡಿನಲ್ಲಿ ಸಾಲು ಸಾಲಾಗಿ ಯೂನಿಕೋಡಿನಲ್ಲಿ ಟೈಪ್ ಮಾಡುವುದು ಸದ್ಯ ನನ್ನ ಕೆಲಸ.

ಕಳೆದ ಮೂರು ತಿಂಗಳಿಂದ ತೊಂದರೆ ಶುರುವಾಗಿದೆ. ವಾರಕ್ಕೆ ಎರಡು ಮೂರು ಬಾರಿ ನೀಲಿ ಪರದೆ ಬರುತ್ತದೆ, ಆದರೆ ಪ್ರತಿ ಸಲ ಬೇರೆ ಬೇರೆ ಸಂಕೇತ ತೋರಿಸುತ್ತದೆ. ಒಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂದಿತ್ತು, ಇನ್ನೊಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿತ್ತು. ಜಿಪ್ ಮಾಡಿಟ್ಟ ಕಡತ ಒಂದು ದಿನ ‘ಸಿಆರ್‌ಸಿ ತಪ್ಪು’ (ಕಡತ ಕೆಟ್ಟಿಲ್ಲವೆಂದು ತೋರಿಸುವ ತಾಳೆಸಂಖ್ಯೆ ಹೊಂದುತ್ತಿಲ್ಲ) ಎಂದು ತೆರೆಯಲು ನಿರಾಕರಿಸಿ, ಮರುದಿನ ಏನೂ ಆಗದಂತೆ ತೆರೆದುಕೊಳ್ಳುತ್ತದೆ. ಎ3 ಅಳತೆಯ ಪುಟವನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ ತಿದ್ದುವಾಗ ‘ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತದೆ, ಆದರೆ ಟಾಸ್ಕ್ ಮ್ಯಾನೇಜರ್ ತೆರೆದರೆ ಒಂದು ಜಿಬಿಗೂ ಹೆಚ್ಚು ಖಾಲಿ ಇರುವುದು ಕಾಣುತ್ತದೆ. ನನ್ನನ್ನು ನಿಜವಾಗಿ ಹೆದರಿಸಿದ್ದು ಕೊನೆಯದು: ನಿನ್ನೆ ಹಳೆಯ ಕಡತ ತೆರೆದಾಗ ಒಂದು ಸಾಲಿನಲ್ಲಿ ‘ಪುಷ್ಯ ಮಳೆ’ ಇರಬೇಕಾದಲ್ಲಿ ‘ಪುಷ್ಯ ಬಳೆ’ ಎಂದಿತ್ತು. ನಾನು ಹಾಗೆ ಟೈಪ್ ಮಾಡಿಲ್ಲ. ಕೀಲಿಮಣೆಯಲ್ಲಿ ಆ ಎರಡು ಅಕ್ಷರಗಳು ಅಕ್ಕಪಕ್ಕದಲ್ಲಿಯೂ ಇಲ್ಲ. ವಿಂಡೋಸನ್ನು ಮತ್ತೆ ಹಾಕಿದರೆ ಸರಿಹೋಗುವುದೇ?

ಬೆಸುಗೆಕೆಲಸ, ಮೈಸೂರು

ತೋಟದಮನೆಯವರೇ, ದಯವಿಟ್ಟು ವಿಂಡೋಸನ್ನು ಈಗಲೇ ಮತ್ತೆ ಹಾಕಬೇಡಿ. ರ‍್ಯಾಮ್ ಕೆಟ್ಟಿದ್ದರೆ ಹೊಸದಾಗಿ ಹಾಕುವ ಪ್ರತಿಯೊಂದು ಕಡತವೂ ಅದೇ ಕೆಟ್ಟ ರ‍್ಯಾಮಿನ ಮೂಲಕವೇ ಡಿಸ್ಕಿಗೆ ಹೋಗುತ್ತದೆ, ಆಮೇಲೆ ಹಳೆಯ ದೋಷ ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ. ಅದೇ ಕಾರಣಕ್ಕೆ, ಇದೇ ಯಂತ್ರದಲ್ಲಿ ಕುಳಿತು ಪೆನ್‌ಡ್ರೈವಿಗೆ ಬ್ಯಾಕಪ್ ಕೂಡ ಮಾಡಬೇಡಿ. ಹಾರ್ಡ್ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೇಬಲ್ ಮೂಲಕ ಬೇರೊಂದು ಒಳ್ಳೆಯ ಯಂತ್ರಕ್ಕೆ ಜೋಡಿಸಿ ಅಲ್ಲಿ ನಕಲು ತೆಗೆಯಿರಿ. ಇದು ಮೊದಲ ಕೆಲಸ, ಉಳಿದದ್ದೆಲ್ಲ ಆಮೇಲೆ.

ಇಪ್ಪತ್ತು ವರ್ಷ ದುರಸ್ತಿ ಮೇಜಿನ ಮುಂದೆ ಕುಳಿತು ನಾನು ಕಲಿತ ಒಂದು ಪರೀಕ್ಷೆಯಿದೆ. ಪ್ರತಿ ಸಲವೂ ಅದೇ ಕೆಲಸದಲ್ಲಿ, ಅದೇ ಹಂತದಲ್ಲಿ ಮುಗ್ಗರಿಸುವ ತಂತ್ರಾಂಶದಲ್ಲಿ ದೋಷ ಬಹುತೇಕ ಆ ತಂತ್ರಾಂಶದ್ದೇ. ಒಂದೇ ಕೆಲಸ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಂತು, ಮೂರನೆಯ ಸಲ ಸುಸೂತ್ರವಾಗಿ ಮುಗಿದರೆ ಅನುಮಾನ ಯಂತ್ರಾಂಶದ ಮೇಲೆ ಹೋಗಬೇಕು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ಮನೆಯಲ್ಲಿಯೇ ಕಂಪೈಲ್ ಮಾಡುತ್ತಿದ್ದ (ಮೂಲ ಬರಹದಿಂದ ಓಡುವ ತಂತ್ರಾಂಶ ಮಾಡುತ್ತಿದ್ದ) ಕಾಲದಲ್ಲಿ ‘ಸಿಗ್ನಲ್ 11’ ಎಂದು ಕಂಪೈಲರ್ ನಿಂತಾಗ ನಾವು ನೋಡುತ್ತಿದ್ದುದು ಇದನ್ನೇ: ಮತ್ತೆ ಓಡಿಸಿದಾಗ ಬೇರೆ ಕಡತದಲ್ಲಿ ನಿಂತರೆ ರ‍್ಯಾಮ್ ಬಿಚ್ಚುತ್ತಿದ್ದೆವು. ನಿಮ್ಮ ಜಿಪ್ ಕಡತ ಹೇಳುತ್ತಿರುವುದು ಕೂಡ ಅದೇ. ಡಿಸ್ಕಿನಲ್ಲಿರುವ ಕಡತ ಕೆಟ್ಟಿದ್ದರೆ ಮರುದಿನ ತೆರೆಯುತ್ತಿರಲಿಲ್ಲ.

ಎರಡು ವಿಷಯ ತಿಳಿಸಿ. ದೋಷ ಕಾಣಿಸಿಕೊಳ್ಳುವ ದಿನಗಳಲ್ಲಿ ಸಾಮಾನ್ಯವಾದ ಸಂಗತಿ ಏನಾದರೂ ಇದೆಯೇ? ಯಂತ್ರದ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೇ?

ಸಾಲುಸಂಕೇತ, ಬೆಂಗಳೂರು

ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ ಎಂಬುದು ನನ್ನ ಅಭಿಪ್ರಾಯ. ‘ಮೆಮೊರಿ ಸಾಲದು’ ಎಂಬ ಸಂದೇಶಕ್ಕೂ ಕೆಟ್ಟ ರ‍್ಯಾಮಿಗೂ ಸಂಬಂಧ ಇರಬೇಕಾಗಿಲ್ಲ.

32 ಬಿಟ್‌ನ ವಿಂಡೋಸಿನಲ್ಲಿ ಒಂದು ತಂತ್ರಾಂಶಕ್ಕೆ ಸಾಮಾನ್ಯವಾಗಿ ಸಿಗುವುದು 2 ಜಿಬಿಯಷ್ಟು ವಿಳಾಸಗಳ ಜಾಗ ಮಾತ್ರ; ಯಂತ್ರದಲ್ಲಿ ಎಷ್ಟು ರ‍್ಯಾಮ್ ಇದ್ದರೂ ಅಷ್ಟೇ. ಆ 2 ಜಿಬಿಯೊಳಗೆ ತಂತ್ರಾಂಶದ ಸಂಕೇತ (ಕೋಡ್), ಅದರ ನೆರವಿನ ಕಡತಗಳಾದ ಡಿಎಲ್‌ಎಲ್‌ಗಳು, ತೆರೆದ ಚಿತ್ರಗಳು ಎಲ್ಲವೂ ಅಲ್ಲಲ್ಲಿ ಕುಳಿತಿರುತ್ತವೆ. ಎ3 ಪುಟವನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 7016 ಅಡ್ಡ, 9921 ಉದ್ದ, ಅಂದರೆ ಹತ್ತಿರಹತ್ತಿರ 7 ಕೋಟಿ ಚುಕ್ಕಿಗಳು ಬರುತ್ತವೆ. ಬಣ್ಣದ ಚಿತ್ರದಲ್ಲಿ ಪ್ರತಿ ಚುಕ್ಕಿಗೆ 3 ಬೈಟ್ ಎಂದರೆ ಸುಮಾರು 200 ಎಂಬಿ. ಅನೇಕ ತಂತ್ರಾಂಶಗಳು ಇಷ್ಟನ್ನೂ ತುಂಡಿಲ್ಲದ ಒಂದೇ ಜಾಗವಾಗಿ ಕೇಳುತ್ತವೆ, ಮೇಲೆ ಹಿಂದಿನ ಹೆಜ್ಜೆಗೆ ಮರಳಲು ಇನ್ನೊಂದೆರಡು ಪ್ರತಿಗಳನ್ನೂ ಇಟ್ಟುಕೊಳ್ಳುತ್ತವೆ. ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಎಂದು ಹತ್ತು ಸೀಟು ಖಾಲಿಯಿದ್ದರೂ ಐದು ಜನ ಸಾಲಾಗಿ ಕೂರಲು ಜಾಗವಿಲ್ಲದ ಸ್ಥಿತಿ ಇದು. ಬೆಳಿಗ್ಗೆ ಆಗುವ ಕೆಲಸ ಮಧ್ಯಾಹ್ನದ ಹೊತ್ತಿಗೆ ಆಗದಿರುವುದಕ್ಕೂ ಇದೇ ಕಾರಣ, ಏಕೆಂದರೆ ತಂತ್ರಾಂಶ ತೆರೆದೇ ಇದ್ದಷ್ಟೂ ಜಾಗ ಚೂರುಚೂರಾಗುತ್ತದೆ. 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಗಾತ್ರ ಕಾಲು ಭಾಗಕ್ಕೆ, ಸುಮಾರು 50 ಎಂಬಿಗೆ ಇಳಿಯುತ್ತದೆ; ಕೈಬರಹ ಓದಲು ಅದು ಧಾರಾಳವಾಗಿ ಸಾಕು. ಹತ್ತು ಪುಟಕ್ಕೊಮ್ಮೆ ತಂತ್ರಾಂಶವನ್ನು ಮುಚ್ಚಿ ತೆರೆಯಿರಿ.

ಹಾಗೆಯೇ ಟಾಸ್ಕ್ ಮ್ಯಾನೇಜರಿನಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ ಎಂಬ ಕಾಲಮ್ಮನ್ನು ತೆರೆದಿಟ್ಟು ಗಮನಿಸಿ. ತೆರೆಯ ಮೇಲೆ ಚಿತ್ರ ಬಿಡಿಸಲು ತಂತ್ರಾಂಶ ವಿಂಡೋಸಿನಿಂದ ಪಡೆಯುವ ಸಾಧನಗಳಿವು; ಒಂದು ತಂತ್ರಾಂಶಕ್ಕೆ ಇವುಗಳ ಮಿತಿ ಸಾಮಾನ್ಯವಾಗಿ 10,000. ಹಳೆಯ ಸ್ಕ್ಯಾನರ್ ತಂತ್ರಾಂಶಗಳು ಪುಟಕ್ಕೊಂದಿಷ್ಟು ಪಡೆದು ಹಿಂದಿರುಗಿಸದೆ ಉಳಿಸಿಕೊಂಡು, ಮಿತಿ ತಲುಪಿದಾಗ ಅದನ್ನೂ ‘ಮೆಮೊರಿ ಸಾಲದು’ ಎಂದೇ ಹೇಳುವುದುಂಟು.

ಆದರೆ ‘ಮಳೆ’ ‘ಬಳೆ’ಯಾದದ್ದು ಈ ಜಾತಿಯದಲ್ಲ. ಯೂನಿಕೋಡಿನಲ್ಲಿ ‘ಮ’ ಅಕ್ಷರದ ಸಂಕೇತ 0ಸಿಎಇ, ‘ಬ’ ಅಕ್ಷರದ್ದು 0ಸಿಎಸಿ (ಹದಿನಾರರ ಎಣಿಕೆಯಲ್ಲಿ ಎ ಅಂದರೆ 10, ಸಿ ಅಂದರೆ 12, ಇ ಅಂದರೆ 14). ಇವೆರಡರ ನಡುವೆ ವ್ಯತ್ಯಾಸ ಸರಿಯಾಗಿ 2, ಅಂದರೆ ಒಂದೇ ಒಂದು ಬಿಟ್. ಆ ಬಿಟ್ 1 ಇದ್ದರೆ ‘ಮ’, 0 ಆದರೆ ‘ಬ’. ಕೈತಪ್ಪಿನಿಂದ ಹೀಗಾಗುವುದಕ್ಕಿಂತ ರ‍್ಯಾಮಿನ ಒಂದು ಕೋಶ ಸೋರುತ್ತಿರುವುದೇ ಹೆಚ್ಚು ಸಂಭವನೀಯ.

ಗ್ರಂಥಪಾಲಕಿ, ಧಾರವಾಡ

ಒಂದು ಬಿಟ್ ತಾನಾಗಿ ಬದಲಾಗುವುದು ವಿಶ್ವಕಿರಣಗಳಿಂದ ಎಂದು ಓದಿದ್ದೇನೆ. ಹಾಗಿದ್ದರೆ ಅದು ಒಮ್ಮೆ ಆಗಿ ಹೋಗುವ ಘಟನೆಯಲ್ಲವೇ, ರ‍್ಯಾಮನ್ನು ಏಕೆ ದೂರಬೇಕು?

ಇನ್ನೊಂದು ಮಾತು. ನಾವು ಸ್ಕ್ಯಾನ್ ಮಾಡಿದ ಪ್ರತಿ ಕಡತಕ್ಕೂ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಪಟ್ಟಿಯಲ್ಲಿಡುತ್ತೇವೆ. ವಿಂಡೋಸ್ 7ರಲ್ಲಿ ‘ಸರ್ಟ್‌ಯುಟಿಲ್’ ಎಂಬ ಆದೇಶ ಮೊದಲೇ ಇದೆ, ಬೇರೆ ತಂತ್ರಾಂಶ ಬೇಕಿಲ್ಲ. ಒಂದೇ ಕಡತಕ್ಕೆ ಎರಡು ಸಲ ಹ್ಯಾಶ್ ತೆಗೆದಾಗ ಎರಡು ಬೇರೆ ಮೌಲ್ಯ ಬಂದರೆ ಯಂತ್ರದಲ್ಲಿ ದೋಷವಿರುವುದು ಖಚಿತ. ಆದರೆ ಸಣ್ಣ ಕಡತ ಮೊದಲ ಓದಿನಲ್ಲಿಯೇ ರ‍್ಯಾಮಿನಲ್ಲಿ ಉಳಿದುಬಿಡುವುದರಿಂದ ಎರಡನೆಯ ಸಲವೂ ಅದೇ ಪ್ರತಿಯನ್ನೇ ಓದುತ್ತದೆ. ಒಟ್ಟು ರ‍್ಯಾಮಿಗಿಂತ ದೊಡ್ಡದಾದ, ನಿಮ್ಮಲ್ಲಾದರೆ 5 ಜಿಬಿಯಷ್ಟಿರುವ ಕಡತವನ್ನು ಬಳಸಬೇಕು, ಇಲ್ಲವೇ ನಡುವೆ ಯಂತ್ರವನ್ನು ಆರಿಸಿ ಹೊತ್ತಿಸಬೇಕು.

ಸಾಲುಸಂಕೇತ, ಬೆಂಗಳೂರು

ಮೇಡಂ, ವಿಕಿರಣದಿಂದ ಬಿಟ್ ಬದಲಾಗುವುದು ನಿಜ. ಆದರೆ ಬಿಯಾಂಕಾ ಶ್ರೋಡರ್ ಅವರು ಗೂಗಲ್ ಸಂಶೋಧಕರೊಂದಿಗೆ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಗಲ್ಲಿನ ಸರ್ವರುಗಳಲ್ಲಿ ವರ್ಷವೊಂದಕ್ಕೆ ಶೇ 8ಕ್ಕೂ ಹೆಚ್ಚು ಸ್ಟಿಕ್‌ಗಳು ದೋಷ ತೋರಿಸಿದ್ದವು. ಒಮ್ಮೆ ದೋಷ ತೋರಿಸಿದ ಸ್ಟಿಕ್ ಮತ್ತೆ ತೋರಿಸುವ ಸಾಧ್ಯತೆ ಬಹಳ ಹೆಚ್ಚಿತ್ತು. ಆದ್ದರಿಂದ ಇವು ಬಹುಪಾಲು ಆಕಸ್ಮಿಕ ಕಿರಣಗಳ ಕೆಲಸವಲ್ಲ, ಯಂತ್ರಾಂಶದ ಸ್ಥಾಯಿ ದೋಷಗಳು ಎಂಬ ತೀರ್ಮಾನಕ್ಕೆ ಅವರು ಬಂದರು. ಸರ್ವರುಗಳಲ್ಲಿ ಇಸಿಸಿ ರ‍್ಯಾಮ್ ಇರುವುದರಿಂದ ಒಂದು ಬಿಟ್ಟಿನ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ ಮತ್ತು ಎಣಿಕೆಗೂ ಸಿಗುತ್ತದೆ. ನಮ್ಮ ಮನೆಗಳ ಡೆಸ್ಕ್‌ಟಾಪಿನಲ್ಲಿ ಆ ಕಾವಲು ಇಲ್ಲ. ತಪ್ಪು ಸದ್ದಿಲ್ಲದೆ ಕಡತಕ್ಕೆ ಇಳಿಯುತ್ತದೆ.

ತೋಟದಮನೆ, ಶಿರಸಿ ತಾಲ್ಲೂಕು

ಮೈಸೂರಿನ ಸರ್ ಹೇಳಿದಂತೆ ಡಿಸ್ಕ್ ಬಿಚ್ಚಿ ತಂಗಿಯ ಲ್ಯಾಪ್‌ಟಾಪಿಗೆ ಜೋಡಿಸಿ ನಕಲು ತೆಗೆದೆ. ಅಲ್ಲಿ ಎಲ್ಲ ಜಿಪ್ ಕಡತಗಳೂ ತೆರೆದವು. 300 ಡಿಪಿಐಗೆ ಇಳಿಸಿದ ಮೇಲೆ ಸ್ಕ್ಯಾನರಿನ ಕಾಟ ನಿಂತಿದೆ, ಬೆಂಗಳೂರಿನವರಿಗೆ ಕೃತಜ್ಞತೆಗಳು.

ಸರ್ ಕೇಳಿದ ಪ್ರಶ್ನೆಗಳಿಗೆ ಉತ್ತರ: ಗಮನಿಸಿದರೆ, ರಾತ್ರಿಯಿಡೀ ಕರೆಂಟ್ ಹೋಗಿದ್ದ ದಿನಗಳ ಮರುದಿನವೇ ತೊಂದರೆ ಹೆಚ್ಚು. ಮಳೆಗಾಲದಲ್ಲಿ ನಮ್ಮಲ್ಲಿ ಅದು ಸಾಮಾನ್ಯ. ಗಡಿಯಾರವೂ ಅಂಥ ದಿನಗಳಲ್ಲಿ 2009ಕ್ಕೆ ಹಿಂದಿರುಗಿರುತ್ತದೆ. ನಾನು ಸರಿಪಡಿಸಿ ಮುಂದುವರಿಯುತ್ತಿದ್ದೆ, ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಎಣಿಸಿರಲಿಲ್ಲ.

ಕಡಲತಡಿ, ಮಂಗಳೂರು

ಪರೀಕ್ಷೆಗೆ ಮೊದಲು ಸ್ಟಿಕ್‌ಗಳನ್ನು ಒಮ್ಮೆ ತೆಗೆದು ಹಾಕಿ ನೋಡಿ ಎಂಬುದು ನನ್ನ ಸಲಹೆ. ನಮ್ಮ ಕಡೆಯ ಹವೆಯಲ್ಲಿ, ನಿಮ್ಮ ಮಲೆನಾಡಿನ ತೇವದಲ್ಲಿಯೂ, ಸ್ಟಿಕ್ಕಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಬ್ಬು ಕೂರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ತನ್ನು ಇಳಿಸಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿದ ಮೇಲೆ ಸ್ಟಿಕ್ ತೆಗೆಯಿರಿ. ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಮೃದುವಾಗಿ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಎರಡೂ ಬದಿಯ ಕೊಂಡಿಗಳು ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಗೆ ಸೇರುತ್ತದೆ. ಹಾಗೆಯೇ ಟಾರ್ಚ್ ಹಿಡಿದು ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆಗಳನ್ನು ನೋಡಿ. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಅವು ಉಬ್ಬಿ ಒಡೆಯುವುದು ದೊಡ್ಡ ಪಿಡುಗಾಗಿತ್ತು. ತಲೆ ಚಪ್ಪಟೆಯಾಗಿರದೆ ಉಬ್ಬಿದ್ದರೆ ರ‍್ಯಾಮ್ ಬದಲಿಸಿ ಪ್ರಯೋಜನವಿಲ್ಲ.

ಬೆಸುಗೆಕೆಲಸ, ಮೈಸೂರು

ಮಂಗಳೂರಿನವರ ಮಾತು ಸರಿ. ಆದರೆ ಉಜ್ಜುವ ಮೊದಲೇ ಒಂದು ರಾತ್ರಿ ಪರೀಕ್ಷೆ ಓಡಿಸಿ ಫಲಿತಾಂಶ ಬರೆದಿಟ್ಟುಕೊಳ್ಳಿ. ಮೊದಲು ಉಜ್ಜಿಬಿಟ್ಟರೆ, ಮುಂದೆ ದೋಷ ಕಾಣದಿದ್ದಾಗ ಅದು ಉಜ್ಜಿದ್ದರಿಂದ ಹೋಯಿತೋ ಅಥವಾ ಆ ದಿನ ಬರಲಿಲ್ಲವೋ ಎಂಬುದು ತಿಳಿಯುವುದಿಲ್ಲ. ಬಂದುಹೋಗುವ ದೋಷವನ್ನು ಹಿಡಿಯುವಾಗ ಒಂದು ಹೊತ್ತಿಗೆ ಒಂದನ್ನೇ ಬದಲಿಸಬೇಕು.

ಮೆಮ್‌ಟೆಸ್ಟ್86 ಪ್ಲಸ್ ಎಂಬ ಮುಕ್ತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ. ವಿಂಡೋಸಿನೊಳಗಿನಿಂದ ನಡೆಸುವ ಪರೀಕ್ಷೆಗಳು ವಿಂಡೋಸ್ ತಾನೇ ಕುಳಿತಿರುವ ಜಾಗವನ್ನು ಮುಟ್ಟಲಾರವು. ಇದು ನಾಲ್ಕೂ ಜಿಬಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನೋಡುತ್ತದೆ. ಒಂದು ಸುತ್ತು ಮುಗಿದು ದೋಷವಿಲ್ಲ ಎಂದ ಕೂಡಲೇ ನಿಲ್ಲಿಸಬೇಡಿ, ಬೆಳಗಿನವರೆಗೆ ಓಡಲಿ. ರ‍್ಯಾಮಿನ ಪ್ರತಿಯೊಂದು ಕೋಶವೂ ಒಂದು ಪುಟ್ಟ ಕೆಪಾಸಿಟರ್. ಅದರಲ್ಲಿನ ವಿದ್ಯುತ್ ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ದುರ್ಬಲ ಕೋಶವು ಅಷ್ಟು ಹೊತ್ತು ಕೆಲವೊಮ್ಮೆ ತಾಳುತ್ತದೆ, ಕೆಲವೊಮ್ಮೆ ತಾಳುವುದಿಲ್ಲ.

ಜೊತೆಗೆ ಸ್ಟಿಕ್ ಮೇಲಿನ ಚೀಟಿಯಲ್ಲಿ ಏನು ಬರೆದಿದೆ ಎಂದು ತಿಳಿಸಿ. ಗಡಿಯಾರದ ಸುದ್ದಿ ಕೇಳಿದ ಮೇಲೆ ನನಗೆ ಬೇರೊಂದು ಅನುಮಾನ ಬಂದಿದೆ.

ತೋಟದಮನೆ, ಶಿರಸಿ ತಾಲ್ಲೂಕು

ಮೂರು ರಾತ್ರಿಗಳ ಫಲಿತಾಂಶ ಇಲ್ಲಿದೆ. ಎರಡೂ ಸ್ಟಿಕ್ ಇದ್ದಾಗ ಮೂರನೆಯ ಸುತ್ತಿನಲ್ಲಿ ಕೆಂಪು ಸಾಲುಗಳು ಬಂದವು. ನಿರೀಕ್ಷಿಸಿದ ಮೌಲ್ಯ ಎಂಟು ಎಫ್‌ಗಳು. ಸಿಕ್ಕಿದ್ದು ಮೊದಲ ಮೂರು ಎಫ್, ನಾಲ್ಕನೆಯದು ಡಿ, ಮತ್ತೆ ನಾಲ್ಕು ಎಫ್. ಬೆಳಗಿನ ಹೊತ್ತಿಗೆ ಅಂಥ ಏಳು ಸಾಲುಗಳಿದ್ದವು, ಏಳರಲ್ಲಿಯೂ ವಿಳಾಸ ಒಂದೇ, ಕೆಟ್ಟ ಸ್ಥಾನವೂ ಒಂದೇ. ಮೊದಲ ಸ್ಟಿಕ್ ಒಂದನ್ನೇ ಹಾಕಿದಾಗ ದೋಷವಿಲ್ಲ. ಎರಡನೆಯದನ್ನು ಒಂದೇ ಹಾಕಿದಾಗ ನಾಲ್ಕು ಸುತ್ತು ಶುದ್ಧವಾಗಿ ನಡೆದು ಐದನೆಯದರಲ್ಲಿ ಒಂದು ಸಾಲು ಬಂತು. ಕೆಪಾಸಿಟರುಗಳು ಚಪ್ಪಟೆಯಾಗಿಯೇ ಇವೆ.

ಚೀಟಿಯಲ್ಲಿ 800 ಎಂಬ ವೇಗದ ಕೆಳಗೆ ‘2.1 ವೋಲ್ಟ್’ ಎಂದಿದೆ.

ಸಾಲುಸಂಕೇತ, ಬೆಂಗಳೂರು

ಎಫ್ ಅಂದರೆ 15, ಡಿ ಅಂದರೆ 13, ಕಳೆದುಹೋದದ್ದು 2. ‘ಮ’ದಿಂದ ‘ಬ’ಕ್ಕೆ ಇಳಿದದ್ದು ಕೂಡ 2. ನೋಟ್‌ಪ್ಯಾಡಿನಲ್ಲಿ ನೀವು ತೆರೆದಿಟ್ಟ ಪುಟ ಆ ದಿನ ಈ ಕೋಶದ ಮೇಲೆ ಕುಳಿತಿತ್ತು, ನೀವು ‘ಸೇವ್’ ಒತ್ತಿದಾಗ ಕೆಟ್ಟ ಅಕ್ಷರವೇ ಡಿಸ್ಕಿಗೆ ಹೋಯಿತು. ಬೇರೆ ದಿನ ಅದೇ ಜಾಗದಲ್ಲಿ ಡ್ರೈವರ್ ಕುಳಿತಾಗ ನೀಲಿ ಪರದೆ, ಜಿಪ್ ಕುಳಿತಾಗ ಸಿಆರ್‌ಸಿ ತಪ್ಪು. ಮೂರು ರೋಗಗಳಂತೆ ಕಂಡದ್ದರ ಹಿಂದೆ ಇರುವುದು ಒಂದೇ ಬಿಟ್.

ಬೆಸುಗೆಕೆಲಸ, ಮೈಸೂರು

ನನ್ನ ಅನುಮಾನ ಗಟ್ಟಿಯಾಯಿತು. ಡಿಡಿಆರ್2 ರ‍್ಯಾಮಿನ ನಿಗದಿತ ವೋಲ್ಟೇಜ್ 1.8. ಆ ಕಾಲದಲ್ಲಿ ಹೆಚ್ಚಿನ ವೇಗಕ್ಕೆಂದು ಮಾರುತ್ತಿದ್ದ ಕೆಲವು ಸ್ಟಿಕ್‌ಗಳಿಗೆ 2.0 ಅಥವಾ 2.1 ವೋಲ್ಟ್ ಬೇಕಾಗುತ್ತಿತ್ತು, ಜೋಡಿಸುವವರು ಅದನ್ನು ಬಯೋಸಿನಲ್ಲಿ (ಯಂತ್ರ ಹೊತ್ತಿಕೊಳ್ಳುವಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಕೈಯಾರೆ ಹೊಂದಿಸುತ್ತಿದ್ದರು. ಆ ಹೊಂದಿಕೆಯನ್ನು ಕರೆಂಟಿಲ್ಲದಾಗ ಕಾಯುವುದು ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಂಥ ಬ್ಯಾಟರಿ. ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಸತ್ತ ಬ್ಯಾಟರಿಯ ಕೊರತೆ ತಿಳಿಯುವುದಿಲ್ಲ. ರಾತ್ರಿಯಿಡೀ ಕರೆಂಟ್ ಹೋದಾಗ ಗಡಿಯಾರದ ಜೊತೆ ಈ ಹೊಂದಿಕೆಯೂ ಅಳಿಸಿ, ಬಯೋಸ್ 1.8ಕ್ಕೆ ಮರಳುತ್ತದೆ. ಮಾರನೆಯ ದಿನ ನೀವು ಗಡಿಯಾರವನ್ನು ಸರಿಪಡಿಸುತ್ತೀರಿ, ವೋಲ್ಟೇಜ್ ಹಾಗೆಯೇ ಉಳಿಯುತ್ತದೆ. ಬ್ಯಾಟರಿ ಬದಲಿಸಿ, ಚೀಟಿಯಲ್ಲಿರುವಷ್ಟೇ ವೋಲ್ಟೇಜ್ ಕೊಟ್ಟು, ಅದಕ್ಕಿಂತ ಕಿಂಚಿತ್ತೂ ಹೆಚ್ಚಿಸದೆ, ಮತ್ತೆ ಎರಡು ರಾತ್ರಿ ಪರೀಕ್ಷಿಸಿ.

ತೋಟದಮನೆ, ಶಿರಸಿ ತಾಲ್ಲೂಕು

ಪೇಟೆಯಿಂದ ಬ್ಯಾಟರಿ ತಂದು ಹಾಕಿದೆ. ಬಯೋಸಿನಲ್ಲಿ ನೋಡಿದರೆ ನಿಜಕ್ಕೂ 1.8 ಇತ್ತು, 2.1ಕ್ಕೆ ಹೊಂದಿಸಿದೆ. ಎರಡು ರಾತ್ರಿಗಳಲ್ಲಿ ಸೇರಿ 13 ಸುತ್ತುಗಳಾದವು, ಒಂದೂ ದೋಷವಿಲ್ಲ. ಇನ್ನು ಈ ಸ್ಟಿಕ್‌ಗಳನ್ನು ನಂಬಬಹುದೇ?

ಕಡಲತಡಿ, ಮಂಗಳೂರು

13 ಸುತ್ತು ಶುದ್ಧವಾಗಿ ನಡೆದ ಮೇಲೆ ನಂಬಬಹುದು ಎಂದೇ ನನ್ನ ಅಭಿಪ್ರಾಯ. ಧೈರ್ಯ ಸಾಲದಿದ್ದರೆ ಆ ವಿಳಾಸವನ್ನು ಮಾತ್ರ ಬಳಸದಂತೆ ವಿಂಡೋಸಿಗೆ ‘ಬಿಸಿಡಿಎಡಿಟ್’ ಮೂಲಕ ಹೇಳಿಡಬಹುದು. ಕೆಟ್ಟ ಪುಟಗಳ ಪಟ್ಟಿಯೆಂದೇ ಅದರಲ್ಲಿ ಒಂದು ಸೌಲಭ್ಯವಿದೆ. ಲಿನಕ್ಸಿನಲ್ಲಿಯೂ ಹಾಗೆ ಬಿಟ್ಟುಬಿಡಲು ದಾರಿಯಿದೆ.

ಬೆಸುಗೆಕೆಲಸ, ಮೈಸೂರು

ಆಟಕ್ಕೋ ಸಿನಿಮಾ ನೋಡಲಿಕ್ಕೋ ಆದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಒಂದೇ ಬಗೆಯ ಎರಡು ಸ್ಟಿಕ್‌ಗಳಲ್ಲಿ ಮೊದಲನೆಯದು 1.8ರಲ್ಲಿಯೂ ರಾತ್ರಿಯಿಡೀ ತಾಳಿತು, ಎರಡನೆಯದು ತಾಳಲಿಲ್ಲ. ವೋಲ್ಟೇಜ್ ಅದರ ದೌರ್ಬಲ್ಯವನ್ನು ಮುಚ್ಚಿದೆಯೇ ಹೊರತು ಗುಣಪಡಿಸಿಲ್ಲ. ಮತ್ತೆ ಸಿಗದ ಬರಹ ಅದರ ಮೂಲಕ ಹಾದುಹೋಗುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ತೆಗೆದಿಟ್ಟು 2 ಜಿಬಿಯಲ್ಲಿಯೇ ಕೆಲಸ ಮಾಡಿ; 300 ಡಿಪಿಐ ಸ್ಕ್ಯಾನಿಗೂ ನೋಟ್‌ಪ್ಯಾಡಿಗೂ ಅಷ್ಟು ಸಾಕು.

ಗ್ರಂಥಪಾಲಕಿ, ಧಾರವಾಡ

ನಾನೂ ಮೈಸೂರಿನವರ ಪಕ್ಷ. ಆದರೆ ಈ ಮೂರು ತಿಂಗಳಲ್ಲಿ ಟೈಪ್ ಮಾಡಿದ ಕಡತಗಳ ಗತಿಯೇನು? ‘ಬಳೆ’ ಕಣ್ಣಿಗೆ ಬಿತ್ತು, ಕೆಟ್ಟ ಅಂಕಿ ಕಣ್ಣಿಗೆ ಬೀಳುವುದಿಲ್ಲ.

ಸಾಲುಸಂಕೇತ, ಬೆಂಗಳೂರು

ಇದು ಬಹಳ ಮುಖ್ಯವಾದ ಪ್ರಶ್ನೆ. ಅದೃಷ್ಟಕ್ಕೆ ಈ ಕೋಶ ಒಂದೇ ದಿಕ್ಕಿನಲ್ಲಿ ತಪ್ಪುತ್ತದೆ: 2ರ ಸ್ಥಾನದ ಬಿಟ್ 1 ಇದ್ದದ್ದು 0 ಆಗುತ್ತದೆ. ಪಠ್ಯ ಕಡತದಲ್ಲಿ ಅಂಕಿಗಳೂ ಅಕ್ಷರಗಳೇ ಆದ್ದರಿಂದ 2 ಎಂಬುದು 0 ಆಗಬಹುದು, 3 ಎಂಬುದು 1, 6 ಎಂಬುದು 4, 7 ಎಂಬುದು 5. ಉಳಿದ ಅಂಕಿಗಳಲ್ಲಿ ಆ ಬಿಟ್ ಮೊದಲೇ 0 ಇರುವುದರಿಂದ ಅವು ಬದಲಾಗುವುದಿಲ್ಲ. ಹಾಗಾಗಿ ಒಂದು ಅಂಕಿ ಕೆಟ್ಟಿದ್ದರೆ ಆ ದಿನದ ಲೆಕ್ಕ ಯಾವಾಗಲೂ ಕಡಿಮೆಯೇ ಆಗಿರುತ್ತದೆ, ಅದೂ ಸರಿಯಾಗಿ 2, 20 ಅಥವಾ 200 ಮಿಲಿಮೀಟರಿನಷ್ಟು. ನಿಮ್ಮ ತಂದೆಯವರು ತಿಂಗಳ ಮೊತ್ತ ಹಾಕಿಟ್ಟಿದ್ದಾರೆಯೇ?

ತೋಟದಮನೆ, ಶಿರಸಿ ತಾಲ್ಲೂಕು

ಹಾಕಿದ್ದಾರೆ. ಪ್ರತಿ ತಿಂಗಳ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಮೊತ್ತವಿದೆ, ಕೆಳಗೆ ಒಂದು ಗೆರೆಯೂ ಇದೆ.

ಎರಡನೆಯ ಸ್ಟಿಕ್ಕನ್ನು ತೆಗೆದು, ‘ಕೆಟ್ಟದ್ದು, ಬಳಸಬಾರದು’ ಎಂದು ಚೀಟಿ ಅಂಟಿಸಿಟ್ಟೆ. ಆಮೇಲೆ ತಂಗಿಯ ಲ್ಯಾಪ್‌ಟಾಪಿನಲ್ಲಿ ಈ ಮೂರು ತಿಂಗಳಲ್ಲಿ ಟೈಪ್ ಮಾಡಿದ ಎಲ್ಲ ವರ್ಷಗಳ ತಿಂಗಳ ಮೊತ್ತಗಳನ್ನು ಕೂಡಿಸಿ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿದೆವು. ನಾಲ್ಕು ಸಂಜೆ ಬೇಕಾಯಿತು. ಒಂಬತ್ತು ತಿಂಗಳು ಹೊಂದಲಿಲ್ಲ. ಅವುಗಳಲ್ಲಿ ಐದು ನನ್ನದೇ ಟೈಪಿಂಗ್ ತಪ್ಪುಗಳು. ಅಂಕಿ ಹಿಂದುಮುಂದಾಗಿತ್ತು ಅಥವಾ ಒಂದು ದಿನದ ಸಾಲೇ ಬಿಟ್ಟುಹೋಗಿತ್ತು. ಮೂರರಲ್ಲಿ ವ್ಯತ್ಯಾಸ ಬೆಂಗಳೂರಿನವರು ಹೇಳಿದ ಹಾಗೆಯೇ ಇತ್ತು: ಒಂದು ಕಡೆ 2, ಎರಡು ಕಡೆ 20. 1983ರ ಜುಲೈ ಪುಟದಲ್ಲಿ ಅಪ್ಪ 132 ಎಂದು ಬರೆದ ದಿನ ನಮ್ಮ ಕಡತದಲ್ಲಿ 112 ಇತ್ತು.

ಒಂಬತ್ತನೆಯದನ್ನು ಮೂರು ಸಲ ಕೂಡಿಸಿದೆವು. ಅದರಲ್ಲಿ ದಿನದ ಲೆಕ್ಕಗಳೆಲ್ಲ ಪುಸ್ತಕದಲ್ಲಿರುವಂತೆಯೇ ಇವೆ, ಕೆಂಪು ಶಾಯಿಯ ಮೊತ್ತ ಮಾತ್ರ 10 ಹೆಚ್ಚಿದೆ. ಅಪ್ಪ ಕೂಡಿಸುವಾಗ ದಶಕ ತಪ್ಪಿದ್ದಾರೆ. ಅದನ್ನು ತಿದ್ದಲಿಲ್ಲ. ಅವರ ಮೊತ್ತವನ್ನು ಇದ್ದ ಹಾಗೆಯೇ ಬರೆದು, ಪಕ್ಕದಲ್ಲಿ ನಮ್ಮ ಮೊತ್ತವನ್ನೂ ದಾಖಲಿಸಿದ್ದೇವೆ.